ಮೋರ್ಯರ ಗುಡ್ಡಕ್ಕೆ ಒಂದು ಕಲ್ಪನೆಯ ಕುಲ: ಅವರು ಏನು ಉಣ್ಣುತ್ತಿದ್ದರು, ಯಾರಿಗೆ ಮನೆ ಕಟ್ಟುತ್ತಿದ್ದರು?

ಏಳುಗುಡ್ಡ (ಗಂಗಾವತಿ)

ಎಲ್ಲರಿಗೂ ನಮಸ್ಕಾರ. ಹಿರೇಬೆಣಕಲ್ಲಿನ ಮೋರ್ಯರ ಗುಡ್ಡವನ್ನು ನೆಲೆಯಾಗಿಟ್ಟುಕೊಂಡು ಒಂದು ಅದ್ಭುತ ಕಾದಂಬರಿ, ಅಂದರೆ ಫ್ಯಾಂಟಸಿ, ಬರೆಯುತ್ತಿದ್ದೇನೆ. ಕಥೆ ಶುರುವಾಗುವ ಮೊದಲು ಒಂದು ಇಡೀ ಕುಲವನ್ನೇ ಕಟ್ಟಬೇಕಾಗಿದೆ. ಅವರ ಇತಿಹಾಸ, ಊಟ, ನಂಬಿಕೆ, ಜಗಳ, ಹಬ್ಬ ಎಲ್ಲವೂ ಬೇಕು. ಬಳ್ಳಾರಿ, ರಾಯಚೂರು, ಕೊಪ್ಪಳದ ನೆಲವನ್ನು ಬಲ್ಲವರು ಇಲ್ಲಿ ಬಹಳ ಜನ ಇದ್ದೀರಿ. ಅದಕ್ಕೇ ನಿಮ್ಮ ಮುಂದಿಡುತ್ತಿದ್ದೇನೆ.

ಗೊತ್ತಿಲ್ಲದವರಿಗಾಗಿ: ಗಂಗಾವತಿಯಿಂದ ಸುಮಾರು ಹತ್ತು ಕಿಲೋಮೀಟರ್ ದೂರದಲ್ಲಿ, ಬಂಡೆಗಳ ನಡುವೆ ಏರಿ ಹೋದರೆ, ಕಲ್ಲಿನ ಚಪ್ಪಡಿಗಳಿಂದ ಕಟ್ಟಿದ ನೂರಾರು ಗೋರಿಗಳು ಸಿಗುತ್ತವೆ. ಒಟ್ಟು ಸುಮಾರು 400 ಎಂದು ಲೆಕ್ಕ ಹಾಕಿದ್ದಾರೆ. ಕೆಲವು ಆಳೆತ್ತರಕ್ಕಿಂತ ದೊಡ್ಡವು. ನಾಲ್ಕು ಕಡೆ ಚಪ್ಪಡಿ, ಮೇಲೊಂದು ಚಪ್ಪಡಿ, ಒಂದು ಗೋಡೆಯಲ್ಲಿ ದುಂಡನೆಯ ಕಿಂಡಿ. 1835ರಲ್ಲಿ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಇವುಗಳ ಬಗ್ಗೆ ಬರೆದ. 2021ರಲ್ಲಿ ಈ ತಾಣ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಸುತ್ತಲಿನ ಊರುಗಳ ಹಿರಿಯರು ಮಾತ್ರ ಇವನ್ನು ಗೋರಿ ಎನ್ನುವುದಿಲ್ಲ, ಮೋರ್ಯರ ಮನೆ ಎನ್ನುತ್ತಾರೆ. ಮೋರ್ಯರು ಕುಳ್ಳರು, ಅವರ ಮನೆಗಳು ಇವು ಎನ್ನುವುದು ಜನರ ನಂಬಿಕೆ.

ನಾನು ಇಲ್ಲಿಯವರೆಗೆ ಕಟ್ಟಿಕೊಂಡಿರುವುದು ಹೀಗಿದೆ. ನನ್ನ ಮೋರ್ಯರಿಗೆ ರಾಜನಿಲ್ಲ. ಮೂರು ಮನೆತನಗಳಿವೆ: ಕಲ್ಲು ಸೀಳುವವರು, ನೀರು ಕಾಯುವವರು, ನಗಾರಿ ಬಾರಿಸುವವರು. ಗುಡ್ಡದ ಮೇಲೆ ದೊಡ್ಡ ಬಂಡೆಯೊಂದರ ನೆತ್ತಿಯಲ್ಲಿ ಕಲ್ಲಿನ ನಗಾರಿ ನಿಜವಾಗಿಯೂ ಇದೆ, ಮರದ ಕೊಡತಿಯಿಂದ ಹೊಡೆದರೆ ಸುಮಾರು ಒಂದು ಕಿಲೋಮೀಟರ್ ದೂರ ಕೇಳಿಸುತ್ತದೆ ಎನ್ನುತ್ತಾರೆ. ಕಲ್ಲು ತೆಗೆದ ಜಾಗದಲ್ಲೇ ಆದ ಹೊಂಡವೂ ಇದೆ, ನೀರು ಕಾಯುವ ಮನೆತನ ಹುಟ್ಟಿದ್ದು ಅಲ್ಲಿಂದ. ಕೊನೆಗೆ ಬೆಂಕಿಯ ಮಳೆ ಸುರಿದು ಇಡೀ ಕುಲ ಒಂದೇ ರಾತ್ರಿಯಲ್ಲಿ ಅಳಿದುಹೋಗುತ್ತದೆ. ಇದು ಸದ್ಯದ ಚೌಕಟ್ಟು. ನಿಮಗೆ ಅನ್ನಿಸಿದ್ದನ್ನು ಹೇಳಿ.

ಕೊರಲೆಹೊಲ (ಸಿರುಗುಪ್ಪ)

ಒಳ್ಳೆಯ ಕೆಲಸಕ್ಕೆ ಕೈ ಹಾಕಿದ್ದೀರಿ. ಊಟದಿಂದ ಶುರು ಮಾಡುತ್ತೇನೆ, ಏಕೆಂದರೆ ನಮ್ಮಲ್ಲಿ ಹಳೆಯ ಕಾಲದ ಕಥೆ ಬರೆಯುವವರೆಲ್ಲ ಪಾತ್ರಗಳ ತಟ್ಟೆಗೆ ಜೋಳದ ರೊಟ್ಟಿ ಮತ್ತು ಕೆಂಪು ಖಾರ ಹಾಕಿಬಿಡುತ್ತಾರೆ. ಮೆಣಸಿನಕಾಯಿ ಪೋರ್ಚುಗೀಸರು ಬಂದ ಮೇಲೆ ಬಂದದ್ದು. ಜೋಳದ ಮೂಲ ಆಫ್ರಿಕಾ, ರಾಗಿಯದೂ ಅಷ್ಟೇ. ಬಳ್ಳಾರಿ ಪಕ್ಕದ ಸಂಗನಕಲ್ಲಿನ ಹಳೆಯ ಪದರಗಳಲ್ಲಿ ಸುಟ್ಟು ಉಳಿದ ಕಾಳುಗಳನ್ನು ಅಧ್ಯಯನ ಮಾಡಿದವರಿಗೆ ಮುಖ್ಯವಾಗಿ ಸಿಕ್ಕಿದ್ದು ಕೊರಲೆ ಎಂಬ ಸಿರಿಧಾನ್ಯ, ಹುರುಳಿ, ಹೆಸರು. ಇವೇ ಈ ನೆಲದ ಮೊದಲ ಬೆಳೆಗಳು. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಸೀಮೆಯಲ್ಲಿ ಬದುಕಿ ಬರುವ ಬೆಳೆಗಳೂ ಇವೇ.

ನಿಮ್ಮ ಮೋರ್ಯರು ಸಂಗನಕಲ್ಲಿನ ಜನರಿಗಿಂತ ಬಹಳ ತಡವಾಗಿ ಬಂದವರು. ಆದರೂ ಹಬ್ಬದ ಊಟಕ್ಕೆ ಹಳೆಯ ಧಾನ್ಯವನ್ನೇ ಇಡಿ. ದಿನದ ಊಟ ಬದಲಾಗಬಹುದು, ಸತ್ತವರಿಗೆ ಎಡೆ ಇಡುವಾಗ ಜನ ಹಳೆಯದನ್ನು ಅಷ್ಟು ಬೇಗ ಬಿಡುವುದಿಲ್ಲ. ಹುರುಳಿ ಕಟ್ಟು ಕುದಿಸಿ, ಕೊರಲೆ ಅಂಬಲಿ ಕಾಯಿಸಿ ಕಿಂಡಿಯ ಮುಂದೆ ಇಡುವ ಮೋರ್ಯರ ಹೆಂಗಸು ನನ್ನ ಕಣ್ಣಿಗೆ ಈಗಲೇ ಕಾಣುತ್ತಾಳೆ.

ಬೂದಿದಿಬ್ಬ (ಬಳ್ಳಾರಿ)

ಬೆಂಕಿಯ ಮಳೆಯನ್ನು ದಯವಿಟ್ಟು ಕೈಬಿಡಿ. ನಮ್ಮ ಸೀಮೆಯಲ್ಲಿ ಬೆಂಕಿಯ ಬಗ್ಗೆ ಅದಕ್ಕಿಂತ ನೂರು ಪಾಲು ಅಚ್ಚರಿಯ ಸಂಗತಿ ಇದೆ. ಕುಡತಿನಿಯ ಹತ್ತಿರದ ಬೂದಿದಿಬ್ಬವನ್ನು ನೋಡಿ. ನವಶಿಲಾಯುಗದ, ಅಂದರೆ ಕಬ್ಬಿಣ ಬರುವ ಮೊದಲಿನ ಕಲ್ಲುಕೊಡಲಿಯ ಕಾಲದ ದನಗಾಹಿಗಳು ವರ್ಷಗಟ್ಟಲೆ ಸಗಣಿಯನ್ನು ರಾಶಿ ಹಾಕಿ, ಒಂದು ಗೊತ್ತಾದ ಹೊತ್ತಿಗೆ ಸುಟ್ಟು, ಮತ್ತೆ ಅದೇ ಜಾಗದಲ್ಲಿ ರಾಶಿ ಹಾಕಿ, ಮತ್ತೆ ಸುಟ್ಟು, ಹೀಗೆ ಬೆಳೆದ ದಿಬ್ಬಗಳು ಇವು. ಕೆಲವೆಡೆ ಶಾಖಕ್ಕೆ ಬೂದಿಯೇ ಕರಗಿ ಗಾಜಿನಂತೆ ಗಟ್ಟಿಯಾಗಿದೆ. ಪುರಾತತ್ವಜ್ಞ ರೇಮಂಡ್ ಆಲ್ಚಿನ್ ತೆಲಂಗಾಣದ ಉತ್ನೂರಿನ ದಿಬ್ಬವನ್ನು ಅಗೆದಾಗ ದನಗಳ ಗೊರಸಿನ ಗುರುತುಗಳೇ ಸಿಕ್ಕವು. ಹಂಪಿ ಬಳಿಯ ನಿಂಬಾಪುರದ ದಿಬ್ಬವನ್ನು ಜನ ವಾಲಿಯ ಚಿತೆಯ ಬೂದಿ ಎಂದು ನಂಬುತ್ತಾರೆ. ಕಿಷ್ಕಿಂಧೆಯ ಕಥೆ ನಮ್ಮ ಬಂಡೆಗಳಿಗೆ ಎಷ್ಟು ಆಳವಾಗಿ ಅಂಟಿದೆ ನೋಡಿ.

ಕಾಲದ ಲೆಕ್ಕ ಮಾತ್ರ ಎಚ್ಚರದಿಂದ ಇಡಿ. ಬೂದಿದಿಬ್ಬಗಳು ಕ್ರಿಸ್ತಪೂರ್ವ ಮೂರನೆಯ, ಎರಡನೆಯ ಸಹಸ್ರಮಾನದವು. ಹಿರೇಬೆಣಕಲ್ಲಿನ ಗೋರಿಗಳನ್ನು ಸಾಮಾನ್ಯವಾಗಿ ಕ್ರಿಸ್ತಪೂರ್ವ 800ರಿಂದ 200ರ ನಡುವೆ ಇಡುತ್ತಾರೆ. ಅಂದರೆ ನಿಮ್ಮ ಮೋರ್ಯರು ಹುಟ್ಟುವ ಹೊತ್ತಿಗೆ ದಿಬ್ಬಗಳ ಬೆಂಕಿ ಆರಿ ಎಷ್ಟೋ ತಲೆಮಾರು ಕಳೆದಿತ್ತು. ಇದನ್ನು ಕಥೆಗೆ ಬಳಸಿಕೊಳ್ಳಿ. ಮೋರ್ಯರು ದನ ಹೊಡೆದುಕೊಂಡು ಪೂರ್ವಕ್ಕೆ ಹೋದಾಗ ಆ ಬೂದಿಯ ಗುಡ್ಡ ಸಿಗುತ್ತದೆ. ಇದನ್ನು ಯಾರು ಮಾಡಿದರು ಎಂದು ಅವರೂ ಕೇಳಿಕೊಳ್ಳುತ್ತಾರೆ. ನಾವು ಅವರ ಬಗ್ಗೆ ಕಥೆ ಹೇಳುವ ಹಾಗೆಯೇ ಅವರು ಇನ್ನೊಬ್ಬರ ಬಗ್ಗೆ ಕಥೆ ಹೇಳುತ್ತಾರೆ. ಒಂದು ಕುಲಕ್ಕೆ ಪುರಾಣ ಇರಬೇಕಾದರೆ ಅದಕ್ಕಿಂತ ಹಳೆಯದೊಂದು ಕುಲ ಇರಲೇಬೇಕು.

ಏಳುಗುಡ್ಡ (ಗಂಗಾವತಿ)

ಸರ್, ಇದು ನನಗೆ ಬಹಳ ಹಿಡಿಸಿತು. ಹಾಗಾದರೆ ಕಾಲದ ಎಣಿಕೆಯನ್ನೇ ಬೆಂಕಿಯಲ್ಲಿ ಇಡಬಹುದು. ಮೋರ್ಯರ ಅಜ್ಜಿಯರು "ಮೂರನೆಯ ಬೆಂಕಿಯ ಕಾಲದಲ್ಲಿ" ಎಂದು ಕಥೆ ಆರಂಭಿಸುತ್ತಾರೆ, ಆ ಬೆಂಕಿಯನ್ನು ಅವರಲ್ಲಿ ಯಾರೂ ಕಂಡಿರುವುದಿಲ್ಲ.

ಮೋರ್ಯರು ಎಂದರೆ ಮೌರ್ಯ ಚಕ್ರವರ್ತಿಗಳೇ ಎಂದು ಕೆಲವರು ಕೇಳುತ್ತಾರೆ. ಗೋರಿಗಳಲ್ಲಿ ಹೆಚ್ಚಿನವು ಮೌರ್ಯರಿಗಿಂತ ಹಿಂದಿನವು, ಕಟ್ಟುವ ಪದ್ಧತಿಯೂ ಇಡೀ ದಕ್ಷಿಣದಲ್ಲಿ ಹರಡಿದ್ದು. ಕಾದಂಬರಿಯಲ್ಲಿ ಆ ನಂಟನ್ನು ನಾನು ತರುವುದಿಲ್ಲ.

ಹಿರೇಗುಡ್ಡ (ಬಳ್ಳಾರಿ)

ನಗಾರಿ ಮನೆತನದ ಬಗ್ಗೆ ನನ್ನದೊಂದು ಮಾತು. ಒಂದು ಕಿಲೋಮೀಟರ್ ಕೇಳಿಸುವ ನಗಾರಿಯಿಂದ ದೂರದ ಊರಿಗೆ ಸುದ್ದಿ ಮುಟ್ಟಿಸಲು ಆಗುವುದಿಲ್ಲ. ಗುಡ್ಡದಿಂದ ಗುಡ್ಡಕ್ಕೆ ಬಾರಿಸುವವರ ಸಾಲು ಬೇಕು. ಆಗ ಬಾರಿಸುವವರು ಒಂದೇ ಊರಲ್ಲಿ ಇರುವ ಮನೆತನವಾಗಿ ಉಳಿಯುವುದಿಲ್ಲ. ಸೀಮೆಯ ತುಂಬ ಒಬ್ಬೊಬ್ಬರೇ ಒಂದೊಂದು ಗುಡ್ಡದಲ್ಲಿ ಕುಳಿತಿರುವ ಒಂಟಿ ಜನ ಆಗುತ್ತಾರೆ. ಅವರ ಮದುವೆ ಹೇಗೆ, ಅವರಿಗೆ ಊಟ ಕೊಡುವವರು ಯಾರು, ಒಬ್ಬ ಸುಳ್ಳು ಸುದ್ದಿ ಬಾರಿಸಿದರೆ ಏನಾಗುತ್ತದೆ? ನಿಮ್ಮ ಕಾದಂಬರಿಯ ಜಗಳ ಇಲ್ಲೇ ಇದೆ.

ಕಲ್ಲಿನಿಂದ ನಾದ ಹೊರಡಿಸುವುದು ನಮ್ಮ ಕಡೆ ಹಿರೇಬೆಣಕಲ್ಲಿಗಿಂತ ಹಳೆಯದು. ಸಂಗನಕಲ್ಲಿನ ಪಕ್ಕದ ಕುಪ್ಪಗಲ್ಲಿನ ಹಿರೇಗುಡ್ಡದಲ್ಲಿ ಕಪ್ಪು ಡಾಲರೈಟ್ ಶಿಲೆಯ ದೊಡ್ಡ ಸಾಲಿದೆ. ಅದರ ಮೇಲೆ ಉದ್ದ ಕೊಂಬಿನ, ಡುಬ್ಬದ ದನಗಳನ್ನು ಕುಟ್ಟಿ ಕೊರೆದಿದ್ದಾರೆ. ಅಲ್ಲಿ ಕೆಲವು ಬಂಡೆಗಳಲ್ಲಿ ಬಟ್ಟಲಿನಂತೆ ಸವೆದ ಗುಳಿಗಳಿವೆ. ಗುಂಡುಕಲ್ಲಿನಿಂದ ಅಲ್ಲಿ ಬಡಿದರೆ ಗಂಟೆಯಂತೆ ಮೊಳಗುತ್ತದೆ. ಪುರಾತತ್ವಜ್ಞೆ ನಿಕೋಲ್ ಬೋಯ್ವಿನ್ 2004ರಲ್ಲಿ ಇದರ ಬಗ್ಗೆ ವಿವರವಾಗಿ ಬರೆದರು. ಅದೇ ಗುಡ್ಡದಲ್ಲಿ ಕಲ್ಲುಕೊಡಲಿ ತಯಾರಿಸುವ ದೊಡ್ಡ ನೆಲೆಯೂ ಇತ್ತು. ಕೆತ್ತಿ ಬಿಸಾಡಿದ ಚಕ್ಕೆಗಳು, ಕೊಡಲಿ ಮಸೆದ ಗೀರುಗಳು ಇವತ್ತಿಗೂ ಇವೆ. ಕಲ್ಲು ಗಣಿಗಾರಿಕೆ ಈ ಗುಡ್ಡವನ್ನು ಎಷ್ಟು ತಿಂದಿದೆ ಎಂದು ನೆನೆದರೆ ಹೊಟ್ಟೆ ಉರಿಯುತ್ತದೆ. ಬಳ್ಳಾರಿಗೆ ಬರುವವರು ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಸಂಗನಕಲ್ಲು ವಸ್ತುಸಂಗ್ರಹಾಲಯವನ್ನು ತಪ್ಪದೆ ನೋಡಿ. ಆ ಕೊಡಲಿಗಳನ್ನು ನೋಡಿದ ಮೇಲೆ ನಿಮ್ಮ ಕಲ್ಲು ಸೀಳುವವರ ಮಾತು, ನಡೆ ತಾವಾಗಿಯೇ ಬರುತ್ತವೆ.

ಕೋಟೆಕಲ್ಲು (ರಾಯಚೂರು)

ಕಲ್ಲು ಸಾಗಿಸಿದ್ದು ಹೇಗೆ ಎನ್ನುವುದನ್ನು ಯಾರೂ ಎತ್ತಿಲ್ಲ. ಮಂತ್ರದಿಂದ ಎತ್ತಿದರು ಎಂದು ಬರೆದರೆ ಓದುವವರಿಗೆ ಆ ಚಪ್ಪಡಿಯ ಭಾರ ತಟ್ಟುವುದೇ ಇಲ್ಲ. ನಮ್ಮ ರಾಯಚೂರು ಕೋಟೆಯ ಗೋಡೆಯಲ್ಲಿ ನಲವತ್ತು ಅಡಿಗೂ ಉದ್ದದ ಒಂದೇ ಕಲ್ಲು ಇದೆ. ಅದರ ಮೇಲೆ 1294ರ ಶಾಸನ. ಕಾಕತೀಯರ ಕಡೆಯ ಗೋರೆ ಗನ್ನಯ್ಯ ರೆಡ್ಡಿ ಕೋಟೆ ಕಟ್ಟಿಸಿದ ವಿಷಯ ಅದರಲ್ಲಿದೆ. ಶಾಸನದಷ್ಟೇ ಮುಖ್ಯವಾದದ್ದು ಪಕ್ಕದ ಗೋಡೆಯಲ್ಲಿ ಕೊರೆದ ಚಿತ್ರ. ಆ ಕಲ್ಲನ್ನು ಗಾಡಿಯ ಮೇಲಿಟ್ಟು ಕೋಣಗಳ ಉದ್ದನೆಯ ಸಾಲು ಎಳೆಯುತ್ತಿದೆ. ಕಲ್ಲನ್ನು ತಂದವರು ತಂದ ಬಗೆಯನ್ನೂ ಕಲ್ಲಿನಲ್ಲೇ ಬರೆದಿಟ್ಟರು.

ಮೋರ್ಯರಿಗೆ ಅಷ್ಟು ದೂರ ಎಳೆಯುವ ಗೋಜು ಇರಲಿಲ್ಲ. ಗುಡ್ಡದ ಮೇಲಿನ ಗ್ರಾನೈಟ್ ತಾನೇ ಪದರ ಪದರವಾಗಿ ಬಿರಿಯುತ್ತದೆ. ಬಿರುಕು ಕಂಡುಹಿಡಿದು, ಬೆಣೆ ಹೊಡೆದು, ಸನ್ನೆಗೋಲು ಹಾಕಿ ಎಬ್ಬಿಸಿದರೆ ಚಪ್ಪಡಿ ಬರುತ್ತದೆ. ಗೋರಿ ಇರುವ ಕಡೆಯೇ ಕಲ್ಲು ತೆಗೆದ ಹೊಂಡ ಇರುವುದು ಅದಕ್ಕೇ. ಆದ್ದರಿಂದ ಕಲ್ಲು ಸೀಳುವ ಮನೆತನದ ದೊಡ್ಡ ವಿದ್ಯೆ ತೋಳಿನಲ್ಲಿ ಇಲ್ಲ, ಕಿವಿಯಲ್ಲಿ ಇದೆ. ಬಂಡೆಗೆ ಕೈ ತಟ್ಟಿ ಸದ್ದು ಕೇಳಿ, ಒಳಗೆ ಬಿರುಕು ಎಲ್ಲಿಯವರೆಗೆ ಓಡಿದೆ ಎಂದು ಹೇಳುವವನೇ ಹಿರಿಯ. ಇವತ್ತಿಗೂ ಕಲ್ಲು ಒಡೆಯುವವರು ಸುತ್ತಿಗೆಯ ಸದ್ದಿನಿಂದಲೇ ಕಲ್ಲಿನ ಗುಣ ಹೇಳುತ್ತಾರೆ. ನಗಾರಿಯವರೂ ಕಲ್ಲಿನವರೂ ಒಂದು ಕಾಲದಲ್ಲಿ ಅಣ್ಣತಮ್ಮಂದಿರು ಎಂದು ಮಾಡಿಬಿಡಿ.

ತಂಬೂರಿ (ಸಂಡೂರು)

ನಿಮ್ಮ ಮೋರ್ಯರಿಗೆ ಲಿಪಿ ಇಲ್ಲ. ಹಾಗಾದರೆ ಅವರ ಇತಿಹಾಸ ಯಾರ ಬಾಯಲ್ಲಿ ಇರುತ್ತದೆ? ಮೂರು ಮನೆತನಗಳಲ್ಲಿ ಕಥೆ ಹೇಳುವವರೇ ಇಲ್ಲದಿರುವುದು ನನಗೆ ದೊಡ್ಡ ಕೊರತೆಯಾಗಿ ಕಾಣುತ್ತದೆ.

ನಮ್ಮ ದರೋಜಿ ಈರಮ್ಮನವರನ್ನು ನೆನಪಿಸಿಕೊಳ್ಳಿ. 2014ರಲ್ಲಿ ತೀರಿಕೊಂಡರು. ಅಲೆಮಾರಿ ಬುಡ್ಗ ಜಂಗಮ ಸಮುದಾಯದ ಹೆಣ್ಣುಮಗಳು, ಓದುಬರಹ ಕಲಿತವರಲ್ಲ. ಆದರೆ ಕುಮಾರರಾಮನ ಕಾವ್ಯವೂ ಸೇರಿ ದಿನಗಟ್ಟಲೆ ಹಾಡುವಷ್ಟು ದೊಡ್ಡ ದೊಡ್ಡ ಕಾವ್ಯಗಳು ಅವರ ನಾಲಿಗೆಯ ಮೇಲಿದ್ದವು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. ಅವರು ಹಾಡುತ್ತಿದ್ದ ಬುರ್ರಕಥೆಯಲ್ಲಿ ಒಬ್ಬರು ತಂಬೂರಿ ಹಿಡಿದು ಕಥೆ ನಡೆಸುತ್ತಾರೆ, ಪಕ್ಕದವರು ವಾದ್ಯ ಬಾರಿಸುತ್ತ ಹಿಂದಿನ ಸಾಲನ್ನು ಎತ್ತಿಕೊಳ್ಳುತ್ತಾರೆ. ಆ ಎತ್ತಿಕೊಳ್ಳುವ ಹೊತ್ತಿನಲ್ಲೇ ಮುಂದಾಳಿಗೆ ಮುಂದಿನ ಸಾಲು ಒದಗುತ್ತದೆ. ನೆನಪು ಒಬ್ಬರ ತಲೆಯೊಳಗೆ ಇರುವುದಿಲ್ಲ, ಮೂವರ ನಡುವೆ ಇರುತ್ತದೆ.

ಮೋರ್ಯರಲ್ಲೂ ಹಾಗೆಯೇ ಮಾಡಿ. ಒಂದು ಕಥೆಗೆ ಮೂರು ಮನೆತನದಿಂದ ಒಬ್ಬೊಬ್ಬರು ಬೇಕು. ಮನೆತನಗಳ ನಡುವೆ ಜಗಳವಾದ ವರ್ಷ ಯಾರೂ ಕೂಡಿ ಕುಳಿತುಕೊಳ್ಳುವುದಿಲ್ಲ, ಆ ವರ್ಷ ಕಥೆ ನಡೆಯುವುದಿಲ್ಲ. ಅಂಥ ಎರಡು ಮೂರು ವರ್ಷ ಸಾಲಾಗಿ ಬಂದರೆ ಕುಲದ ಇತಿಹಾಸದಲ್ಲಿ ಒಂದು ಭಾಗ ಶಾಶ್ವತವಾಗಿ ಕಳಚಿಹೋಗುತ್ತದೆ. ಬೆಂಕಿಯ ಮಳೆಗಿಂತ ಇದು ನನಗೆ ಹೆಚ್ಚು ಭಯಂಕರ.

ಏಳುಗುಡ್ಡ (ಗಂಗಾವತಿ)

ಅಕ್ಕಾ, ಇದನ್ನು ಹಾಗೆಯೇ ತೆಗೆದುಕೊಳ್ಳುತ್ತೇನೆ. ಬೆಂಕಿಯ ಮಳೆ ಹೋಯಿತು. ಆದರೆ ಕುಲದ ಸಂಪತ್ತು ಏನು ಎನ್ನುವುದು ಇನ್ನೂ ಬಗೆಹರಿದಿಲ್ಲ. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಬಹಳ ಪುರಾತನ ಕಾಲದಿಂದ ಚಿನ್ನ ತೆಗೆದ ಗುರುತುಗಳಿವೆ. ದೊಡ್ಡ ಗೋರಿಯೊಂದರಲ್ಲಿ ಹಟ್ಟಿಯ ಚಿನ್ನ ಅಡಗಿದೆ, ಅದಕ್ಕಾಗಿ ಹೊರಗಿನವರು ದಾಳಿ ಮಾಡುತ್ತಾರೆ ಎಂದು ಯೋಚಿಸಿದ್ದೇನೆ.

ಗುಡ್ಡದದಾರಿ (ಕೊಪ್ಪಳ)

ಚಿನ್ನ ಬೇಡ. ಇದನ್ನು ಬಹಳ ಗಂಭೀರವಾಗಿ ಹೇಳುತ್ತಿದ್ದೇನೆ.

ಹಿರೇಬೆಣಕಲ್ಲಿನ ಎಷ್ಟೋ ಗೋರಿಗಳು ಉರುಳಿ ಬಿದ್ದಿರುವುದಕ್ಕೆ ನಿಧಿಗಳ್ಳರೂ ಕಾರಣ. ಸತ್ತವರ ಜೊತೆ ಇಟ್ಟದ್ದು ಮಡಕೆ, ಕಬ್ಬಿಣದ ಸಲಕರಣೆ, ಮಣಿಗಳಂಥವು. ದಕ್ಷಿಣದ ಬೃಹತ್ ಶಿಲಾಯುಗದ, ಅಂದರೆ ಹೀಗೆ ದೊಡ್ಡ ಕಲ್ಲುಗಳಿಂದ ಗೋರಿ ಕಟ್ಟುತ್ತಿದ್ದ ಕಾಲದ ಗೋರಿಗಳನ್ನು ಅಗೆದಲ್ಲೆಲ್ಲ ಹೆಚ್ಚಾಗಿ ಸಿಗುವುದು ಕಪ್ಪು-ಕೆಂಪು ಮಡಕೆಗಳು. ಆದರೂ ಕೊಪ್ಪರಿಗೆ ಸಿಗುತ್ತದೆ ಎಂಬ ಆಸೆಗೆ ಅಮಾವಾಸ್ಯೆಯ ರಾತ್ರಿ ಹಾರೆ ಹಿಡಿದು ಹೋಗುವವರು ನಮ್ಮ ಸೀಮೆಯಲ್ಲಿ ಇದ್ದಾರೆ. ತಾಣ ಪುರಾತತ್ವ ಸರ್ವೇಕ್ಷಣೆಯ ರಕ್ಷಣೆಯಲ್ಲಿದೆ, ಆದರೆ ಬಂಡೆ, ಮುಳ್ಳು, ಕರಡಿ, ಚಿರತೆ ಇರುವ ಇಡೀ ಗುಡ್ಡಕ್ಕೆ ಹಗಲಿರುಳು ಕಾವಲು ಹಾಕುವುದು ಯಾರಿಗೂ ಸುಲಭವಲ್ಲ. ಇಂಥ ಹೊತ್ತಿನಲ್ಲಿ "ದೊಡ್ಡ ಗೋರಿಯಲ್ಲಿ ಹಟ್ಟಿಯ ಚಿನ್ನ" ಎಂದು ಕಾದಂಬರಿಯಲ್ಲಿ ಬರೆದರೆ, ಓದದೇ ಇದ್ದವನ ಕಿವಿಗೂ ಆ ಒಂದು ಸಾಲು ಮುಟ್ಟುತ್ತದೆ. ಕಲ್ಪನೆ ಎಂದು ಮುನ್ನುಡಿಯಲ್ಲಿ ಬರೆದದ್ದು ಮಾತ್ರ ಮುಟ್ಟುವುದಿಲ್ಲ.

ಇಟ್ಟುಕೊಳ್ಳಲು ಬೇರೆ ಸಂಪತ್ತು ಇದೆಯಲ್ಲ. ಆ ಹೊಂಡದ ನೀರು. ಬೇಸಿಗೆಯಲ್ಲಿ ನಮ್ಮ ಬಂಡೆಗಳ ಮೇಲೆ ಬರಿಗಾಲಿಡಲು ಆಗುವುದಿಲ್ಲ. ಅಂಥ ನೆಲದಲ್ಲಿ ಗುಡ್ಡದ ನೆತ್ತಿಯಲ್ಲಿ ನಿಂತ ನೀರನ್ನು ಕಾಯುವವರೇ ಸಿರಿವಂತರು. ದಾಳಿ ನೀರಿಗಾಗಿ ನಡೆಯಲಿ. ಪ್ರತಿ ಗೋರಿಗೆ ಕಲ್ಲು ತೆಗೆದಾಗ ಹೊಂಡ ಒಂದಿಷ್ಟು ದೊಡ್ಡದಾಗುತ್ತದೆ, ಸತ್ತವರು ಬದುಕಿರುವವರಿಗೆ ನೀರು ಕೊಟ್ಟು ಹೋಗುತ್ತಾರೆ. ಸಾವಿಗೂ ನೀರಿಗೂ ಇರುವ ಈ ಲೆಕ್ಕವನ್ನು ನೀವು ಕಟ್ಟಬೇಕಾಗಿಯೇ ಇಲ್ಲ, ಗುಡ್ಡದಲ್ಲಿ ಅದು ಇದೆ.

ಕೊರಲೆಹೊಲ (ಸಿರುಗುಪ್ಪ)

ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ. ನೀರಿನ ಮನೆತನ ಹೆಂಗಸರ ಮೂಲಕ ಮುಂದುವರಿಯಲಿ. ಹೊಂಡದ ಹೂಳು ತೆಗೆಯುವ ದಿನವೇ ಅವರ ದೊಡ್ಡ ಹಬ್ಬವಾಗಲಿ.

ಹರಿಗೋಲು (ಆನೆಗುಂದಿ)

ಕುಳ್ಳರು ಎನ್ನುವುದರ ಬಗ್ಗೆ ಯಾರೂ ಮಾತಾಡಿಲ್ಲ, ನನಗೆ ಅದೇ ಮುಖ್ಯ. ಕಿಂಡಿ ಚಿಕ್ಕದು, ಆದ್ದರಿಂದ ಒಳಗೆ ಇದ್ದವರೂ ಚಿಕ್ಕವರು ಎಂದು ನಮ್ಮ ಹಿರಿಯರು ಊಹಿಸಿದರು. ಮನೆ ಎಂದು ನೋಡಿದರೆ ಆ ಊಹೆ ಬಹಳ ಸರಿಯಾದದ್ದು, ಅದರಲ್ಲಿ ಬುದ್ಧಿವಂತಿಕೆ ಇದೆ. ಆದರೆ ಅವು ಬದುಕಿರುವವರ ಮನೆಗಳಲ್ಲ. ಬದುಕಿರುವವರು ಮಣ್ಣು, ಕಡ್ಡಿ, ಹುಲ್ಲಿನ ಗುಡಿಸಲುಗಳಲ್ಲಿ ಇದ್ದರು, ಅವು ಕರಗಿಹೋದವು. ಸತ್ತವರಿಗೆ ಕಟ್ಟಿದ ಕಲ್ಲಿನ ಮನೆ ಮಾತ್ರ ಉಳಿಯಿತು.

ನಿಮ್ಮ ಮೋರ್ಯರು ನಮ್ಮಷ್ಟೇ ಎತ್ತರದವರಾಗಿರಲಿ. ಹೊಳೆಯ ಕಡೆಯ ಜನ ಅವರನ್ನು ಹತ್ತಿರದಿಂದ ನೋಡದೆ ಕುಳ್ಳರೆಂದು ಕರೆಯಲಿ. ತುಂಗಭದ್ರೆಯ ದಡದಲ್ಲಿ ಬುಟ್ಟಿದೋಣಿಯ ಜನರನ್ನು ಅವರಿಗೆ ನೆರೆಯವರಾಗಿ ಕೊಡಿ. ಆನೆಗುಂದಿಯಲ್ಲಿ ಬುಟ್ಟಿಯಂಥ ದುಂಡು ದೋಣಿಗಳಲ್ಲಿ ಜನ ಹೊಳೆ ದಾಟುವುದನ್ನು ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ 1520ರ ಸುಮಾರಿಗೇ ಬರೆದಿದ್ದಾನೆ. ಅದಕ್ಕಿಂತ ಎಷ್ಟು ಹಳೆಯದಾಗಿಯೂ ನೀವು ಕಲ್ಪಿಸಿಕೊಳ್ಳಬಹುದು. ಗುಡ್ಡದವರಿಗೆ ಹೊಳೆ ಭಯ, ಹೊಳೆಯವರಿಗೆ ಗುಡ್ಡ ಭಯ.

ಏಳುಗುಡ್ಡ (ಗಂಗಾವತಿ)

ಇಲ್ಲಿ ನನ್ನ ಮನಸ್ಸು ಒಪ್ಪುತ್ತಿಲ್ಲ. ಕುಳ್ಳ ಮೋರ್ಯರು ನಮ್ಮ ಊರುಗಳ ಕಥೆ. ಅದನ್ನು ವಿವರಿಸಿ ಬಿಡಿಸಿಬಿಟ್ಟರೆ ಚಿಕ್ಕಂದಿನಲ್ಲಿ ಆ ಕಿಂಡಿಯೊಳಗೆ ಇಣುಕುವ ಮಕ್ಕಳಿಗೆ ಆಗುವ ರೋಮಾಂಚವನ್ನೇ ಕಿತ್ತುಕೊಂಡಂತೆ. ಇದು ಅದ್ಭುತ ಕಾದಂಬರಿ, ಅಗೆತದ ವರದಿಯಲ್ಲ. ನನ್ನ ಮೋರ್ಯರು ಕುಳ್ಳರಾಗಿಯೇ ಇರುತ್ತಾರೆ. ಆದರೆ ಹೊಳೆಯ ಜನ ಖಂಡಿತ ಬರುತ್ತಾರೆ.

ಹರಿಗೋಲು (ಆನೆಗುಂದಿ)

ಆಗಲಿ. ಒಂದು ಮಾತು ಮಾತ್ರ ಬಿಡಬೇಡಿ. ಮೋರ್ಯರನ್ನು ಈಗಿನ ಯಾವುದೇ ಜಾತಿ, ಪಂಗಡದ ಪೂರ್ವಜರು ಎಂದು ಬರೆಯಬೇಡಿ. ಹೊಗಳಿಕೆಯಾಗಿಯೂ ಬೇಡ. ನಾಳೆ ಅದನ್ನೇ ಹಿಡಿದು ಒಬ್ಬರು ಗುಡ್ಡ ನಮ್ಮದು ಎಂದರೆ ಇನ್ನೊಬ್ಬರು ಅಲ್ಲ ಎನ್ನುತ್ತಾರೆ. ಆ ಗುಡ್ಡ ಎಲ್ಲರದೂ ಆಗಿ ಉಳಿಯಬೇಕು.

ಬೂದಿದಿಬ್ಬ (ಬಳ್ಳಾರಿ)

ಕೊನೆ ಹೇಗಿರಬೇಕು ಎನ್ನುವುದಕ್ಕೆ ನನಗೊಂದು ದಾರಿ ಕಾಣುತ್ತಿದೆ. ಗೋರಿ ಕಟ್ಟುವ ಪದ್ಧತಿಯ ಕೊನೆಯ ಶತಮಾನಗಳೂ ಅಶೋಕನ ಶಾಸನಗಳೂ ಒಂದೇ ಕಾಲಕ್ಕೆ ಬರುತ್ತವೆ. ಕೊಪ್ಪಳದಲ್ಲೇ ಗವಿಮಠ ಮತ್ತು ಪಾಲ್ಕಿಗುಂಡುವಿನಲ್ಲಿ ಎರಡು ಶಾಸನಗಳಿವೆ. 1915ರಲ್ಲಿ ಸಿಕ್ಕ ಮಸ್ಕಿಯ ಶಾಸನದಲ್ಲಂತೂ ಅಶೋಕ ಎಂಬ ಹೆಸರೇ ಇದೆ. ಅಂದರೆ ಮೋರ್ಯರ ಕೊನೆಯ ತಲೆಮಾರು ಒಂದು ದಿನ ಗುಡ್ಡ ಇಳಿದು ಬಂದಾಗ, ಬಂಡೆಯ ಮೇಲೆ ಯಾರೋ ಅಪರಿಚಿತರು ಉಳಿಯಿಂದ ಸಣ್ಣ ಸಣ್ಣ ಗೀರುಗಳನ್ನು ಕೊರೆಯುತ್ತಿರುವುದನ್ನು ನೋಡುತ್ತದೆ. ಕಲ್ಲನ್ನು ಸತ್ತವರಿಗಾಗಿ ಮಾತ್ರ ಮುಟ್ಟುತ್ತಿದ್ದ ಜನ ಅವರು. ಕಲ್ಲಿನಲ್ಲಿ ಮಾತು ಕೂರಿಸಬಹುದು ಎನ್ನುವುದು ಅವರಿಗೆ ಹೊಸದು. ಆ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮೀ, ಎರಡೂ ಅವರಿಗೆ ಗೊತ್ತಿಲ್ಲ. ಕಥೆ ಹೇಳುವ ಮೂವರಲ್ಲಿ ಒಬ್ಬರು ಅದನ್ನು ಕಲಿಯಬೇಕೆಂದು ಅಲ್ಲೇ ಉಳಿದುಬಿಡುತ್ತಾರೆ. ಕುಲ ಅಳಿಯಲು ಇಷ್ಟು ಸಾಕು, ಯಾರೂ ಸಾಯಬೇಕಾಗಿಲ್ಲ.

ತಂಬೂರಿ (ಸಂಡೂರು)

ಉಳಿದುಬಿಡುವವಳು ಸಾಲು ಎತ್ತಿಕೊಳ್ಳುವ ಹುಡುಗಿಯಾಗಿರಲಿ. ಕಥೆ ನಡೆಸುವವರು ಹೋದರೆ ಇನ್ನೊಬ್ಬರು ಬಂದಾರು. ಎತ್ತಿಕೊಳ್ಳುವವರು ಹೋದರೆ ನಡೆಸುವವರಿಗೆ ಮುಂದಿನ ಸಾಲು ಹೊಳೆಯುವುದಿಲ್ಲ.

ಏಳುಗುಡ್ಡ (ಗಂಗಾವತಿ)

ಇದಕ್ಕಿಂತ ಒಳ್ಳೆಯ ಕೊನೆಯನ್ನು ನಾನೊಬ್ಬನೇ ಕಟ್ಟಲಾರೆ, ಇದನ್ನೇ ಬರೆಯುತ್ತೇನೆ. ಮೊದಲ ಅಧ್ಯಾಯದ ಆರಂಭವನ್ನು ಹಾಕುತ್ತಿದ್ದೇನೆ, ಕಣ್ಣಾಡಿಸಿ.

"ಹೊಂಡದ ಹೂಳು ತೆಗೆಯುವ ದಿನ ನಗಾರಿ ಬಾರಿಸುವುದಿಲ್ಲ. ಅಂದು ಗುಡ್ಡಕ್ಕೆ ಗುಡ್ಡವೇ ಕಿವಿ ಕೊಟ್ಟು ಕುಳಿತಿರುತ್ತದೆ. ನೀರಿನ ಮನೆಯ ಹಿರಿಯಳು ಮೊದಲ ಬುಟ್ಟಿ ಕೆಸರನ್ನು ತಲೆಯ ಮೇಲೆ ಹೊತ್ತು, ಕಳೆದ ವರ್ಷ ತೀರಿಕೊಂಡವರ ಕಿಂಡಿಗಳ ಮುಂದೆ ಒಂದೊಂದು ಹಿಡಿ ಹಾಕುತ್ತ ನಡೆಯುತ್ತಾಳೆ. ನಿನ್ನ ಕಲ್ಲು ತೆಗೆದ ಜಾಗದಲ್ಲಿ ಇಷ್ಟು ನೀರು ನಿಂತಿತ್ತು, ಇಷ್ಟು ಮಕ್ಕಳು ಕುಡಿದರು ಎಂದು ಹೆಸರು ಹಿಡಿದು ಹೇಳುತ್ತಾಳೆ. ಅವಳ ಹಿಂದೆ ಹುಡುಗಿಯರು ಕೊರಲೆಯನ್ನು ಬಂಡೆಯ ಗುಳಿಗಳಲ್ಲಿ ಬೀಸಿ ಹಿಟ್ಟು ಮಾಡುತ್ತಾರೆ."

ಕೊರಲೆಹೊಲ (ಸಿರುಗುಪ್ಪ)

ಹೆಸರು ಹಿಡಿದು ಹೇಳುವ ಸಾಲು ಓದಿ ಮೈ ಜುಮ್ಮೆಂದಿತು. ಒಂದೇ ಒಂದು ತಿದ್ದುಪಡಿ. ಕೊರಲೆಯ ಸಿಪ್ಪೆ ಬಹಳ ಗಟ್ಟಿ, ಮೊದಲು ಕುಟ್ಟಿ, ಕೇರಿ, ಸಿಪ್ಪೆ ಬಿಡಿಸಿಕೊಳ್ಳಬೇಕು. ಆಮೇಲೆ ಗುಳಿಯಲ್ಲಿ ಬೀಸುವುದಿಲ್ಲ, ಗುಂಡುಕಲ್ಲಿನಿಂದ ಅರೆಯುತ್ತಾರೆ. ಬೀಸುಕಲ್ಲು ಇನ್ನೂ ಬಂದಿಲ್ಲ. ಹುಡುಗಿಯರ ಕೈಗೆ ಒನಕೆ ಕೊಡಿ, ಗಾಳಿ ಬೀಸುವ ಕಡೆ ಮುಖ ಮಾಡಿ ನಿಲ್ಲಿಸಬೇಡಿ, ಹೊಟ್ಟೆಲ್ಲ ಕಣ್ಣಿಗೆ ಹಾರುತ್ತದೆ.